ಹೊಸ ಲಾರಿ ಡ್ರೈವರ್‌ಗಳನ್ನು ಒಬ್ಬರೇ ಘಾಟಿಗೆ ಕಳಿಸಬೇಡಿ: ಪಕ್ಕದ ಸೀಟಿಗೆ ಒಬ್ಬ ಹಿರಿಯ ಬೇಕು

ಸುಂಟಿಕೊಪ್ಪದ ಹಳೇ ಡ್ರೈವರ್

ಎಲ್ಲರಿಗೂ ನಮಸ್ಕಾರ. ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂತು, ರೊಬಸ್ಟಾ ಶುರುವಾಗುತ್ತಿದೆ. ಇನ್ನು ಮಾರ್ಚ್ ಕಳೆಯುವವರೆಗೆ ನಮ್ಮ ಕೊಡಗು ಜಿಲ್ಲೆಯಲ್ಲಿ ಡ್ರೈವರ್‌ಗಳಿಗೆ ಬಿಡುವಿಲ್ಲ. ಕುಶಾಲನಗರ, ಹುಣಸೂರಿನ, ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಕಾಫಿ ಮೂಟೆ, ಸಿಲ್ವರ್ ಓಕ್ ನಾಟಾ, ಮಂಗಳೂರು ಬಂದರಿಗೆ ಹೋಗುವ ಲೋಡು, ವಾಪಸ್ ಬರುವಾಗ ಗೊಬ್ಬರ, ಸಿಮೆಂಟು. ರೈಲು ಹಳಿಯೇ ಇಲ್ಲದ ಜಿಲ್ಲೆ ನಮ್ಮದು. ಉಪ್ಪಿನಿಂದ ಹಿಡಿದು ಗ್ಯಾಸ್ ಸಿಲಿಂಡರ್‌ವರೆಗೆ ಎಲ್ಲವೂ ರಸ್ತೆಯಲ್ಲೇ ಬರಬೇಕು.

ವಿಷಯಕ್ಕೆ ಬರುತ್ತೇನೆ. ಸೀಸನ್ ಬಂತೆಂದರೆ ಹೆವಿ ಲೈಸೆನ್ಸ್ ಆಗಷ್ಟೇ ಕೈಗೆ ಬಂದ ಹುಡುಗರಿಗೆ ಕೀ ಕೊಟ್ಟು ‘ಸಂಪಾಜೆ ಘಾಟಿ ಇಳಿಸ್ಕೊಂಡು ಹೋಗು’ ಅನ್ನುತ್ತಿದ್ದಾರೆ. ಕ್ಲೀನರ್ ಇಲ್ಲ, ಪಕ್ಕದ ಸೀಟು ಖಾಲಿ. ಲೈಸೆನ್ಸ್ ಇದೆಯಲ್ಲ ಅಂತ ಕೇಳಬಹುದು. ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಡ್ರೈವಿಂಗ್ ಸ್ಕೂಲಿನಲ್ಲಿ ಸಾರಿಗೆ ವಾಹನ ಕಲಿಯುವವನು ಸ್ಟೇರಿಂಗ್ ಹಿಡಿಯಬೇಕಾದದ್ದು ಕನಿಷ್ಠ 15 ಗಂಟೆ. ಆ 15 ಗಂಟೆಯೂ ಖಾಲಿ ಗಾಡಿಯಲ್ಲಿ, ಸಮತಟ್ಟು ರಸ್ತೆಯಲ್ಲಿ ಕಳೆದುಹೋಗುತ್ತದೆ. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರದಲ್ಲಿ. ಅಲ್ಲಿಂದ ತಾಳತ್ತಮನೆ, ಕಾಟಕೇರಿ, ಮದೆನಾಡು, ಜೋಡುಪಾಲ, ದೇವರಕೊಲ್ಲಿ ದಾಟಿ ಸಂಪಾಜೆ ಮುಟ್ಟುವಷ್ಟರಲ್ಲಿ ಹತ್ತಿರ ಹತ್ತಿರ ಸಾವಿರ ಮೀಟರ್ ಕೆಳಗೆ ಬಂದಿರುತ್ತೇವೆ. ಹಿಂದೆ ಟನ್ನುಗಟ್ಟಲೆ ಭಾರ ತಳ್ಳುತ್ತಾ ಇರುತ್ತದೆ. ಆ ಇಳಿಜಾರನ್ನು ಯಾವ ಸ್ಕೂಲೂ ಕಲಿಸಿಲ್ಲ.

ನಮ್ಮ ಕಾಲದಲ್ಲಿ ಕ್ಲೀನರ್ ಆಗಿ ಸೇರಿ, ವರ್ಷಗಟ್ಟಲೆ ಪಕ್ಕದಲ್ಲಿ ಕೂತು ನೋಡಿ, ಖಾಲಿ ಗಾಡಿ ಹಿಂದೆ ಮುಂದೆ ಮಾಡಿ, ಆಮೇಲೆ ರಾತ್ರಿ ಸಮತಟ್ಟು ರಸ್ತೆಯಲ್ಲಿ ಸ್ಟೇರಿಂಗ್ ಸಿಗುತ್ತಿತ್ತು. ಆ ಪದ್ಧತಿಯಲ್ಲಿ ಕೆಟ್ಟದ್ದೂ ಬೇಕಾದಷ್ಟಿತ್ತು, ಹೊಡೆತ ಬೈಗುಳ ಎಲ್ಲ. ಆದರೆ ಒಬ್ಬ ಹುಡುಗ ಒಬ್ಬನೇ ಘಾಟಿ ಇಳಿಯುವ ಹೊತ್ತಿಗೆ ಆ ಘಾಟಿಯನ್ನು ಮಳೆಯಲ್ಲಿ, ಮಂಜಿನಲ್ಲಿ, ಲೋಡಿನಲ್ಲಿ ಕಣ್ಣಾರೆ ಕಂಡಿರುತ್ತಿದ್ದ. ಈಗ ಬಾಡಿಗೆ ಗಿಟ್ಟುವುದಿಲ್ಲ ಅಂತ ಕ್ಲೀನರ್‌ನನ್ನು ಬಿಟ್ಟರು. ನ್ಯಾಷನಲ್ ಪರ್ಮಿಟ್ ಲಾರಿಗೆ ಇಬ್ಬರು ಡ್ರೈವರ್ ಇರಬೇಕೆಂಬ ನಿಯಮವನ್ನೂ 2018ರಲ್ಲಿ ತೆಗೆದರು. ಕಲಿಯುವ ಜಾಗವೇ ಹೋಯಿತು.

ನಾನು ಕೇಳುವುದು ಇಷ್ಟೇ. ಹೊಸಬ ಯಾರೇ ಬರಲಿ, ಒಂದು ಕಾಫಿ ಸೀಸನ್ ಪೂರ್ತಿ ಘಾಟಿ ಟ್ರಿಪ್‌ಗಳಲ್ಲಿ ಅವನ ಪಕ್ಕ ಒಬ್ಬ ಅನುಭವಸ್ಥ ಕೂರಬೇಕು. ಪುಕ್ಕಟೆ ಅಲ್ಲ, ಪೂರ್ತಿ ಬಾಟಾ, ಅಂದರೆ ಟ್ರಿಪ್ ಭತ್ಯೆ, ಕೊಟ್ಟು. ಕಲಿಸುವುದೂ ಕೆಲಸವೇ. ಇದನ್ನು ನಮ್ಮ ಊರುಗಳಲ್ಲಿ ಹೇಗೆ ಮಾಡಬಹುದು ಹೇಳಿ.

ಮೂರು ಲಾರಿ ಮಾಲೀಕ, ಕುಶಾಲನಗರ

ಅಣ್ಣಾ, ಮಾತು ಸರಿ. ಲೆಕ್ಕ ಸರಿಯಾಗಲ್ಲ. ಮಂಗಳೂರು ಟ್ರಿಪ್‌ಗೆ ಡೀಸೆಲ್, ಟೋಲ್, ಲೋಡಿಂಗ್ ಹಮಾಲಿ, ಡ್ರೈವರ್ ಬಾಟಾ ಎಲ್ಲ ಕಳೆದು ಕೈಯಲ್ಲಿ ಉಳಿಯೋದು ಎಷ್ಟು ಅಂತ ನಿಮಗೂ ಗೊತ್ತು. ಅದರ ಮೇಲೆ ಇನ್ನೊಂದು ಬಾಟಾ ಅಂದ್ರೆ ತಿಂಗಳ ಕಂತು ಎಲ್ಲಿಂದ ಕಟ್ಟಲಿ?

ಇನ್ನೊಂದು ವಿಷಯ. ಹಿರಿಯರು ಎಲ್ಲಿದ್ದಾರೆ? ನನ್ನಲ್ಲಿದ್ದ ಒಳ್ಳೆ ಡ್ರೈವರ್‌ಗಳಲ್ಲಿ ಒಬ್ಬರು ಗಲ್ಫಿಗೆ ಹೋದರು, ಒಬ್ಬರು ಸ್ಕೂಲ್ ಬಸ್ಸಿಗೆ ಸೇರಿದರು. ಸಂಜೆ ಮನೆಗೆ ಹೋಗಬಹುದು ಅಂತ. ತಪ್ಪು ಅನ್ನಲ್ಲ. ಉಳಿದವರು ತಮ್ಮ ಗಾಡಿಯಲ್ಲೇ ಓಡ್ತಿರ್ತಾರೆ, ಅವರನ್ನ ಇಳಿಸಿ ಪಕ್ಕದ ಸೀಟಲ್ಲಿ ಕೂರಿಸಿದ್ರೆ ಆ ಗಾಡಿ ಯಾರು ಓಡಿಸ್ತಾರೆ? ಮನಸ್ಸಿಲ್ಲ ಅಂತಲ್ಲ. ದಾರಿ ತೋರಿಸಿ.

ಗೋಣಿಕೊಪ್ಪ ಹುಡ್ಗ

ನಾನು ಹೊಸಬ, ಅದಕ್ಕೇ ಬರೀತಿದೀನಿ. ಮೊದಲು ಪಿಕಪ್ ಓಡಿಸ್ತಿದ್ದೆ, ಆಮೇಲೆ ಹೆವಿ ಲೈಸೆನ್ಸ್ ಮಾಡಿಸ್ಕೊಂಡೆ. ನನಗೂ ಒಬ್ರು ಸೀನಿಯರ್ ಜೊತೆ ಹಾಕಿದ್ರು. ಏನು ಕಲಿತೆ ಗೊತ್ತಾ? ಗಾಡಿ ತೊಳೆಯೋದು, ಟಾರ್ಪಲ್ ಕಟ್ಟೋದು, ಅವರಿಗೆ ಚಾ ತರೋದು. ‘ಯಾಕಣ್ಣ ಇಲ್ಲಿ ಸೆಕೆಂಡ್ ಹಾಕಿದ್ರಿ’ ಅಂತ ಕೇಳಿದ್ರೆ ‘ಮುಂದೆ ನೋಡೋ’ ಅಂತಿದ್ರು. ಸಂಬಳ ಕೊಡ್ದೆ ‘ಕಲೀತಿದ್ದೀಯಲ್ಲ’ ಅಂದ್ರು ಮಾಲೀಕರು. ಕೇರಳಕ್ಕೆ ಇಳಿಯೋ ಮಾಕುಟ್ಟ ರಸ್ತೆಯಲ್ಲಿ ಒಂದ್ಸಲ ಬೆಳಗಿನ ಜಾವ ಅವರಿಗೆ ನಿದ್ದೆ ತಡೆಯೋಕಾಗ್ದೆ ಸ್ಟೇರಿಂಗ್ ನನಗೆ ಕೊಟ್ಟು ಹಿಂದೆ ಮಲಗಿಬಿಟ್ರು. ಸುತ್ತ ಕಾಡು, ಫೋನಿಗೆ ಸಿಗ್ನಲ್ ಇಲ್ಲ, ಎದುರಿಗೆ ಕೇರಳದ ಬಸ್ಸುಗಳು ಲೈಟ್ ಡಿಮ್ ಮಾಡದೆ ಬರ್ತಿದ್ವು. ಕೈ ನಡುಗ್ತಿತ್ತು. ಗಡಿಯ ಕೂಟುಪುಳ ಸೇತುವೆ ಕಂಡ ಮೇಲೇ ಉಸಿರು ಬಿಟ್ಟಿದ್ದು.

ಅದಕ್ಕೇ ಹೇಳೋದು, ಪಕ್ಕದಲ್ಲಿ ಯಾರಾದ್ರೂ ಕೂತ್ರೆ ಸಾಲದು. ಕಲಿಸೋ ಮನಸ್ಸಿರೋರು ಕೂರಬೇಕು. ಎಚ್ಚರವಾಗಿ ಕೂರಬೇಕು.

ಸಂಪಾಜೆ ಅಕ್ಕ

ನಾನು ಲಾರಿ ಓಡಿಸುವವಳಲ್ಲ. ಆದರೆ ನಮ್ಮ ಮನೆ ಹೆದ್ದಾರಿ ಬದಿಯಲ್ಲೇ ಇರುವುದು ಮಾರಾಯ್ರೆ. ಒಳಗೆ ಅಡಿಗೆ ಮಾಡುತ್ತಿದ್ದರೂ ಇಳಿಯುವ ಲಾರಿಯ ಬ್ರೇಕ್ ಸುಟ್ಟ ವಾಸನೆ ಬರುತ್ತದೆ. ಗಂಡನಿಗೆ ಹೇಳುತ್ತೇನೆ, ಯಾರೋ ಹೊಸಬ ಇಳಿದ ಅಂತ. ಹಳಬರ ಗಾಡಿ ಇಳಿಯುವ ಶಬ್ದವೇ ಬೇರೆ, ಒಂದೇ ಸಮ ಗುರ್ ಅಂತ ಇಂಜಿನ್ ಹಿಡಿದು ಬರುತ್ತದೆ. ಹೊಸಬರದ್ದು ಚುಸ್ ಚುಸ್ ಅಂತ ಗಾಳಿ ಬಿಡುತ್ತಾ ಬರುತ್ತದೆ. ನಮ್ಮ ಮಕ್ಕಳು ಇದೇ ರಸ್ತೆ ದಾಟಿ ಶಾಲೆಗೆ ಹೋಗುವುದು. ಡ್ರೈವರ್‌ಗೆ ಕಲಿಸುವುದು ಡ್ರೈವರ್‌ಗೆ ಮಾತ್ರ ಸಂಬಂಧಪಟ್ಟ ವಿಷಯ ಅಂತ ದಯವಿಟ್ಟು ತಿಳಿಯಬೇಡಿ.

ಏರ್ ಬ್ರೇಕ್ ಮೆಕ್ಯಾನಿಕ್

ಅಕ್ಕ ಹೇಳಿದ ಆ ‘ಚುಸ್ ಚುಸ್’ ಇದೆಯಲ್ಲ, ಈ ಚರ್ಚೆಯ ತಿರುಳೇ ಅದು. ಹೊಸಬರು ಓದಲಿ ಅಂತ ಬಿಡಿಸಿ ಬರೆಯುತ್ತೇನೆ.

ಏರ್ ಬ್ರೇಕ್ ಅಂದರೆ ಟ್ಯಾಂಕಿನಲ್ಲಿ ಕೂಡಿಟ್ಟ ಗಾಳಿ. ಪ್ರತಿ ಸಲ ಪೆಡಲ್ ಒತ್ತಿ ಬಿಟ್ಟಾಗ ಸ್ವಲ್ಪ ಗಾಳಿ ಹೊರಗೆ ಹೋಗುತ್ತದೆ. ಕಂಪ್ರೆಸರ್ ಮತ್ತೆ ತುಂಬಿಸುತ್ತದೆ, ಆದರೆ ಅದಕ್ಕೆ ಇಂಜಿನ್ ತಿರುಗುತ್ತಿರಬೇಕು, ಸಮಯವೂ ಬೇಕು. ಘಾಟಿಯಲ್ಲಿ ಪದೇ ಪದೇ ಒತ್ತುತ್ತಾ ಇದ್ದರೆ ಮೀಟರ್ ಮುಳ್ಳು ಇಳಿಯುತ್ತಾ ಹೋಗುತ್ತದೆ. ಇನ್ನು ಕೆಲವರು ಪೆಡಲ್ ಮೇಲೆ ಕಾಲು ಇಟ್ಟೇ ಇಳಿಯುತ್ತಾರೆ. ಅವರ ಗಾಳಿ ಉಳಿಯುತ್ತದೆ, ಚಕ್ರದ ಬ್ರೇಕ್ ಡ್ರಮ್ ಕಾಯುತ್ತದೆ. ಕಾದ ಡ್ರಮ್ ಹಿಗ್ಗುತ್ತದೆ, ಅದನ್ನು ಉಜ್ಜಿ ನಿಲ್ಲಿಸುವ ಲೈನರ್ ಹಿಡಿತ ಬಿಡುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ‘ಬ್ರೇಕ್ ಫೇಲ್’ ಅಂತ ಪೇಪರಿನಲ್ಲಿ ಬರುವುದರಲ್ಲಿ ಎಷ್ಟೋ ಬ್ರೇಕ್ ಕೆಟ್ಟದ್ದಲ್ಲ, ಕಾದದ್ದು.

ಇದಕ್ಕೆ ಔಷಧಿ ಗೇರು. ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ, ಬೇಕಿದ್ದರೆ ಅದಕ್ಕಿಂತ ಒಂದು ಕಡಿಮೆ ಗೇರಲ್ಲಿ ಇಳಿ. ಇಳಿಜಾರು ಶುರುವಾಗುವ ಮೊದಲೇ ಗೇರು ಬಿದ್ದಿರಬೇಕು. ನಡು ಇಳಿಜಾರಿನಲ್ಲಿ ಗೇರು ಬದಲಿಸಲು ಹೋಗಿ ನ್ಯೂಟ್ರಲ್‌ನಲ್ಲಿ ಸಿಕ್ಕಿಬಿದ್ದರೆ ಮತ್ತೆ ಯಾವ ಗೇರೂ ಒಳಗೆ ಹೋಗುವುದಿಲ್ಲ. ಇಂಜಿನ್ ಹೊಗೆಯನ್ನು ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಇರುವ ಗಾಡಿಯಾದರೆ ಮೊದಲಿಂದಲೇ ಹಾಕಿ. ಕಾಲಿನ ಬ್ರೇಕನ್ನು ಬೇಕಾದಾಗ ಗಟ್ಟಿಯಾಗಿ ಒತ್ತಿ, ವೇಗ ಇಳಿದ ಮೇಲೆ ಪೂರ್ತಿ ಬಿಡಿ.

ಈಗ ನನಗೆ ತೀರ ನೋವಾಗುವ ವಿಷಯ. ಕೆಲವು ಹಿರಿಯರು ಹೊಸಬರಿಗೆ ಕಲಿಸುವ ಮೊದಲ ಪಾಠವೇ ‘ನ್ಯೂಟ್ರಲ್ ಹಾಕು, ಡೀಸೆಲ್ ಉಳಿಯುತ್ತೆ’. ಈಗಿನ, ಕಂಪ್ಯೂಟರ್ ಲೆಕ್ಕದಲ್ಲಿ ಡೀಸೆಲ್ ಬಿಡುವ ಕಾಮನ್ ರೈಲ್ ಇಂಜಿನ್‌ಗಳಲ್ಲಿ ಗೇರಲ್ಲಿ ಇಟ್ಟು ಆಕ್ಸಿಲರೇಟರ್ ಬಿಟ್ಟು ಇಳಿದರೆ ಇಂಜೆಕ್ಟರ್ ಡೀಸೆಲ್ ಬಿಡುವುದೇ ಇಲ್ಲ, ಚಕ್ರವೇ ಇಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್ ಹಾಕಿದರೆ ಇಂಜಿನ್ ತಾನೇ ತಿರುಗಲು ಡೀಸೆಲ್ ಕುಡಿಯುತ್ತದೆ. ಅಂದರೆ ಉಳಿತಾಯವೂ ಇಲ್ಲ. ಇಂಜಿನ್ನೇ ಆಫ್ ಮಾಡಿ ಇಳಿಯುವವರಂತೂ ಪವರ್ ಸ್ಟೇರಿಂಗನ್ನೂ ಕಂಪ್ರೆಸರನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ಹಾಗಾಗಿ ಸುಂಟಿಕೊಪ್ಪದ ಅಣ್ಣನಿಗೆ ನನ್ನ ಮಾತು: ಕಲಿಸುವವರನ್ನು ಮೊದಲು ಆರಿಸಿ. ವಯಸ್ಸು ನೋಡಬೇಡಿ, ಅವರ ಬ್ರೇಕ್ ಲೈನರ್ ಎಷ್ಟು ದಿನ ಬಾಳುತ್ತದೆ ನೋಡಿ. ಗ್ಯಾರೇಜಿನಲ್ಲಿ ನಮಗೆ ಗೊತ್ತಿರುತ್ತದೆ.

ಇನ್ನೊಂದು, ಘಾಟಿ ಇಳಿದ ಮೇಲೆ ಹೊಗೆಯಾಡುವ ಡ್ರಮ್‌ಗೆ ನೀರು ಹೊಯ್ಯುವುದನ್ನು ಯಾರೂ ಕಲಿಸಬೇಡಿ. ಬಿರುಕು ಬಿಡುತ್ತದೆ. ಗಾಡಿ ನಿಲ್ಲಿಸಿ, ತಾನಾಗೇ ತಣಿಯಲಿ.

ಗೋಣಿಕೊಪ್ಪ ಹುಡ್ಗ

ಇಷ್ಟು ದಿನದಲ್ಲಿ ಯಾರೂ ಹೀಗೆ ಬಿಡಿಸಿ ಹೇಳಿರ್ಲಿಲ್ಲ. ಇಳಿಜಾರಲ್ಲಿ ಗೇರ್ ಹಿಡಿದ್ರೆ ಡೀಸೆಲ್ ಜಾಸ್ತಿ ಅಂತಲೇ ನಂಬಿದ್ದೆ. ಥ್ಯಾಂಕ್ಸ್ ಅಣ್ಣ.

ವಿರಾಜಪೇಟೆಯವ, ಈಗ ಒಂಟಾರಿಯೋ

ನಾನು ಕೆನಡಾದಲ್ಲಿ ಟ್ರಕ್ ಓಡಿಸುತ್ತೇನೆ. ಇಲ್ಲಿ ಒಂಟಾರಿಯೋ ಪ್ರಾಂತ್ಯದಲ್ಲಿ 2017ರ ಜುಲೈಯಿಂದ ದೊಡ್ಡ ಟ್ರಕ್ ಲೈಸೆನ್ಸಿಗೆ ಕನಿಷ್ಠ 103.5 ಗಂಟೆ ತರಬೇತಿ ಕಡ್ಡಾಯ. 15 ಗಂಟೆಯ ಪಕ್ಕ ಇಟ್ಟು ನೋಡಿ. ಸಾಸ್ಕಾಚೆವಾನ್ ಪ್ರಾಂತ್ಯದಲ್ಲಿ 2019ರ ಮಾರ್ಚಿನಿಂದ 121.5 ಗಂಟೆ.

ಆ ಸಾಸ್ಕಾಚೆವಾನ್ ನಿಯಮದ ಹಿಂದೆ ಒಂದು ದೊಡ್ಡ ದುರಂತ ಇದೆ. 2018ರ ಏಪ್ರಿಲ್ 6ರಂದು ಹಂಬೋಲ್ಟ್ ಎಂಬ ಊರಿನ ಕಿರಿಯರ ಹಾಕಿ ತಂಡದ ಬಸ್ಸಿಗೂ ಒಂದು ಟ್ರಕ್ಕಿಗೂ ಅಪಘಾತವಾಗಿ 16 ಜನ ತೀರಿಕೊಂಡರು, 13 ಜನಕ್ಕೆ ಗಾಯ. ಟ್ರಕ್ ಡ್ರೈವರ್ ಸ್ಟಾಪ್ ಬೋರ್ಡ್ ದಾಟಿ ಬಂದಿದ್ದ. ನಮ್ಮ ದೇಶದಿಂದಲೇ ಹೋದ ಯುವಕ, ಆ ಕೆಲಸಕ್ಕೆ ತೀರ ಹೊಸಬ. ಮಾಲೀಕ ಎರಡು ವಾರ ಜೊತೆಗೆ ಹೋಗಿದ್ದ, ಆಮೇಲೆ ಒಬ್ಬನೇ. ಹಿಂದಿನ ಟ್ರೈಲರಿನ ಟಾರ್ಪಲ್ ಹಾರಾಡುತ್ತಿದ್ದುದರ ಕಡೆ ಗಮನ ಹೋಗಿತ್ತು ಎಂದು ಕೋರ್ಟಿನಲ್ಲಿ ಹೇಳಿದರು. ಅವನು ತಪ್ಪು ಒಪ್ಪಿಕೊಂಡ, ಎಂಟು ವರ್ಷ ಶಿಕ್ಷೆಯಾಯಿತು. ಸತ್ತ ಮಕ್ಕಳ ಮನೆಯವರ ದುಃಖಕ್ಕೆ ಅಳತೆ ಇಲ್ಲ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಟಾರ್ಪಲ್. ಲೋಡಿನ ಟಾರ್ಪಲ್ ಬಿಚ್ಚಿಕೊಂಡರೆ ಏನು ಮಾಡಬೇಕು? ಕನ್ನಡಿ ನೋಡುತ್ತಾ ಓಡಿಸಬಾರದು, ಸುರಕ್ಷಿತ ಜಾಗ ನೋಡಿ ನಿಲ್ಲಿಸಬೇಕು. ಇದು ಪುಸ್ತಕದಲ್ಲಿ ಓದಿ ಬರುವ ಮಾತಲ್ಲ. ಪಕ್ಕದಲ್ಲಿ ಕೂತವನು ಒಮ್ಮೆ ‘ನಿಲ್ಸು, ಕಟ್ಟಿಕೊಂಡು ಹೋಗೋಣ’ ಅಂದಿದ್ದರೆ ಜನ್ಮವಿಡೀ ಅಭ್ಯಾಸವಾಗುತ್ತದೆ.

ಅಮೆರಿಕದಲ್ಲಿ 2022ರಲ್ಲಿ ಒಂದು ಪ್ರಾಯೋಗಿಕ ಯೋಜನೆ ಶುರುಮಾಡಿದರು. 18ರಿಂದ 20 ವಯಸ್ಸಿನವರು ರಾಜ್ಯದಿಂದ ರಾಜ್ಯಕ್ಕೆ ಟ್ರಕ್ ಓಡಿಸಬೇಕಾದರೆ ಮೊದಲು 120 ಗಂಟೆ, ಆಮೇಲೆ 280 ಗಂಟೆ, ಒಟ್ಟು 400 ಗಂಟೆ ಪಕ್ಕದ ಸೀಟಿನಲ್ಲಿ ಅನುಭವಸ್ಥ ಡ್ರೈವರ್ ಇರಲೇಬೇಕಿತ್ತು. ಅಣ್ಣ ಕೇಳುತ್ತಿರುವ ‘ಒಂದು ಸೀಸನ್’ ದೊಡ್ಡ ಬೇಡಿಕೆ ಏನಲ್ಲ.

ಕಾಫಿ ಬೆಳೆಗಾರ, ಸಿದ್ದಾಪುರ

ದೊಡ್ಡ ಲಾರಿಯ ಮಾತಷ್ಟೇ ಆಗುತ್ತಿದೆ, ಪಿಕಪ್‌ಗಳನ್ನೂ ಸೇರಿಸಿ. 7500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನು ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಡ್ರೈವರ್‌ಗಳ ಹೊಟ್ಟೆಪಾಡಿನ ದೃಷ್ಟಿಯಿಂದ ಒಳ್ಳೆಯದೇ. ಆದರೆ ನಮ್ಮ ತೋಟಗಳಿಂದ ಹಸಿ ಹಣ್ಣಿನ ಚೀಲ ತುಂಬಿಕೊಂಡು ಹೋಗುವುದು ಈ ಗಾಡಿಗಳೇ, ಓಡಿಸುವವರು ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು.

ನಮ್ಮ ಕಡೆ ಇನ್ನೊಂದು ಪಾಠ ಬೇಕು, ಆನೆ. ಸಿದ್ದಾಪುರ, ತಿತಿಮತಿ, ಆನೆಚೌಕೂರು ಕಡೆ ಸಂಜೆಯಾದ ಮೇಲೆ ಓಡಿಸುವವನಿಗೆ ಇದು ಗೊತ್ತಿರಲೇಬೇಕು. ದೂರದಲ್ಲೇ ನಿಲ್ಲಿಸು, ಹಾರ್ನ್ ಮಾಡಬೇಡ, ಹೈ ಬೀಮ್ ಹಾಕಬೇಡ, ಇಳಿಯಬೇಡ. ಒಂದು ದಾಟಿತು ಅಂತ ಹೊರಡಬೇಡ, ಹಿಂದೆ ಮರಿ ಇರಬಹುದು. ನಮ್ಮ ತೋಟದ ಹಳೇ ಡ್ರೈವರ್ ಒಬ್ಬರು ಕತ್ತಲಲ್ಲಿ ಆನೆ ಕಾಣುವ ಮೊದಲೇ ಗಾಡಿ ನಿಧಾನ ಮಾಡುತ್ತಿದ್ದರು. ಕೇಳಿದರೆ, ರಸ್ತೆ ಮೇಲೆ ಮುರಿದ ಹಲಸಿನ ಕೊಂಬೆ, ಹೊಸ ಲದ್ದಿ ತೋರಿಸುತ್ತಿದ್ದರು.

ಖರ್ಚಿನ ವಿಷಯ. ಬೆಳೆಗಾರರೂ ಪಾಲು ಕೊಡಬೇಕು ಅಂತ ನನ್ನ ಅಭಿಪ್ರಾಯ. ಒಂದು ಲಾರಿ ಕಾಫಿ ಮಗುಚಿದರೆ ನಮ್ಮ ವರ್ಷದ ಬೆಳೆ ಹೋಗುತ್ತದೆ. ಬಾಡಿಗೆಯ ಮೇಲೆ ಸ್ವಲ್ಪ ಸೇರಿಸಿ ಕೊಡಲು ನಾನು ಸಿದ್ಧ, ಜೊತೆಗೆ ಕಲಿಸುವವರು ನಿಜವಾಗಿ ಕೂತಿರಬೇಕು.

ಟ್ಯಾಂಕರ್ ಡ್ರೈವರ್

ನಾನು ಮಂಗಳೂರಿನಿಂದ ಈ ಕಡೆ ಪೆಟ್ರೋಲ್, ಡೀಸೆಲ್ ತರುವವನು. ನಮಗೆ ಅಪಾಯಕಾರಿ ಸರಕಿನ ತರಬೇತಿ ಮೂರು ದಿನ ಇದೆ, ಲೈಸೆನ್ಸಿನಲ್ಲಿ ಅದನ್ನು ನಮೂದಿಸುತ್ತಾರೆ. ತರಬೇತಿ ಒಳ್ಳೆಯದೇ. ಆದರೆ ನಾನು ಡ್ರೈವರ್ ಆದದ್ದು ಒಬ್ಬ ಬ್ಯಾರಿ ಕಾಕನ ಪಕ್ಕದಲ್ಲಿ.

ಕಾಕ ಹೆಚ್ಚು ಮಾತಾಡುತ್ತಿರಲಿಲ್ಲ. ಲೋಡ್ ಇದ್ದಾಗ ದೇವರಕೊಲ್ಲಿ ತಿರುವುಗಳಲ್ಲಿ ನನಗೆ ಒಂದೇ ಕೆಲಸ ಕೊಟ್ಟಿದ್ದರು, ಗಾಳಿ ಮೀಟರ್ ನೋಡಿ ಬಾಯಲ್ಲಿ ಹೇಳುತ್ತಿರುವುದು. ‘ಎಂಟು… ಏಳೂವರೆ… ಏಳು.’ ಏಳಕ್ಕಿಂತ ಕೆಳಗೆ ಬಂದರೆ ಅವರು ಸುಮ್ಮನೆ ಅಗಲ ಜಾಗ ನೋಡಿ ಗಾಡಿ ಬದಿಗೆ ಹಾಕುತ್ತಿದ್ದರು. ಬೀಡಿ ಇಲ್ಲ, ಪೆಟ್ರೋಲ್ ಗಾಡಿ. ಇಳಿದು ಒಂದು ಸುತ್ತು ಬಂದು, ಪ್ರತಿ ಚಕ್ರದ ಹತ್ತಿರ ಅಂಗೈಯನ್ನು ಡ್ರಮ್‌ಗೆ ಮುಟ್ಟಿಸದೆ ಹತ್ತಿರ ಹಿಡಿದು ಶಾಖ ನೋಡುತ್ತಿದ್ದರು. ಒಂದು ಚಕ್ರ ಮಾತ್ರ ಹೆಚ್ಚು ಬಿಸಿ ಇದ್ದರೆ ಬ್ರೇಕಿನ ಸಡಿಲ ಸರಿಮಾಡುವ ಅಡ್ಜಸ್ಟರ್ ಸರಿ ಇಲ್ಲ ಅಂತ. ಮುಂದಿನ ಗ್ಯಾರೇಜಿನಲ್ಲಿ ಅದನ್ನು ಸರಿಮಾಡಿಸದೆ ಹೊರಡುತ್ತಿರಲಿಲ್ಲ. ನಾನು ಇವತ್ತಿಗೂ ಹಾಗೇ ಮಾಡುತ್ತೇನೆ. ಬೆಳಿಗ್ಗೆ ಏರ್ ಟ್ಯಾಂಕಿನ ನೀರು ಬಿಡುವುದನ್ನೂ ಅವರೇ ರೂಢಿ ಮಾಡಿಸಿದ್ದು, ಬೈದಲ್ಲ, ಪ್ರತಿ ದಿನ ತಾವೇ ಮೊದಲು ಹೋಗಿ ಕೂತು.

ಕಾಕ ಕಲಿಸಿದ್ದರಲ್ಲಿ ದೊಡ್ಡದು ಬೇರೆ. ಅಪಘಾತ ಆದರೆ ಓಡಬೇಡ. ನಿಲ್ಲಿಸು, ಗಾಯವಾದವರನ್ನು ಆಸ್ಪತ್ರೆಗೆ ಸೇರಿಸುವ ವ್ಯವಸ್ಥೆ ಮಾಡು, ಜನ ಹೊಡೆಯಲು ಬಂದರೆ ಹತ್ತಿರದ ಠಾಣೆಗೆ ಹೋಗಿ ಹೇಳು. ಕಾನೂನಿನಲ್ಲೂ ಹಾಗೇ ಇದೆ, ಮೋಟಾರು ವಾಹನ ಕಾಯ್ದೆ 134ನೇ ಕಲಂ. ಜನರ ಆಕ್ರೋಶದಂಥ ಕೈಮೀರಿದ ಸಂದರ್ಭವನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. 2024ರ ಜನವರಿಯಲ್ಲಿ ಹಿಟ್ ಅಂಡ್ ರನ್ ಶಿಕ್ಷೆಯ ವಿರುದ್ಧ ದೇಶದಲ್ಲೆಲ್ಲ ಡ್ರೈವರ್‌ಗಳು ಮುಷ್ಕರ ಮಾಡಿದಾಗ ನಮ್ಮ ಹುಡುಗರಲ್ಲಿ ಎಷ್ಟೋ ಜನಕ್ಕೆ ಅಪಘಾತವಾದರೆ ಏನು ಮಾಡಬೇಕು ಅಂತಲೇ ಗೊತ್ತಿರಲಿಲ್ಲ. ಹೆದರಿ ಓಡುವವರು ಕೆಟ್ಟವರಲ್ಲ, ಹೇಳಿಕೊಟ್ಟವರಿಲ್ಲ.

ಡ್ರೈವರ್ ಮನೆಯಾಕೆ, ಸೋಮವಾರಪೇಟೆ

ನಮ್ಮೆಜಮಾನ್ರು ನಾಟಾ ಲಾರಿ ಓಡಿಸ್ತಾರೆ. ಮದುವೆಯಾದ ಹೊಸದರಲ್ಲಿ ಅವರೂ ಹೊಸ ಡ್ರೈವರ್. ರಾತ್ರಿ ಫೋನ್ ಬರೋವರೆಗೂ ನಿದ್ದೆ ಇರ್ತಿರ್ಲಿಲ್ಲ. ಆಮೇಲೆ ಒಬ್ರು ಹಿರಿಯರ ಜೊತೆ ಹೋಗೋಕೆ ಶುರು ಮಾಡಿದ್ರು, ಮನೆಯಲ್ಲಿ ಎಲ್ಲರಿಗೂ ಸಮಾಧಾನ ಆಯ್ತು. ಆ ಹಿರಿಯರು ಕಲಿಸಿದ್ದು ಓವರ್‌ಲೋಡಿಗೆ ಇಲ್ಲ ಅನ್ನೋದನ್ನ. ಹಸಿ ಮರ ಎಷ್ಟು ತೂಕ ಬರುತ್ತೆ ಅಂತ ಲೋಡ್ ಮಾಡಿಸೋರಿಗೆ ಬೇಕಿಲ್ಲ, ‘ಇನ್ನೆರಡು ದಿಮ್ಮಿ ಹಾಕು’ ಅಂತಾರೆ. ಹೊಸ ಹುಡುಗ ಬೇಡ ಅಂತ ಹೇಗೆ ಹೇಳ್ತಾನೆ? ಕೆಲಸ ಹೋಗುತ್ತೆ ಅನ್ನೋ ಭಯ. ಆ ಅಣ್ಣ ಕೆಳಗಿಳಿದು ‘ಈ ಎರಡು ಇಳಿಸ್ದೆ ಗಾಡಿ ಹೊರಡಲ್ಲ’ ಅಂತ ಹೇಳಿದ್ರಂತೆ. ಅವರ ಬೆನ್ನ ಹಿಂದೆ ನಿಂತು ನಮ್ಮವರು ಕೇಳಿಸ್ಕೊಂಡ್ರು. ಈಗ ಅವರೇ ಹೇಳ್ತಾರೆ.

ದಂಡವೂ ಕಡಿಮೆ ಏನಿಲ್ವಲ್ಲ, 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000. ಜೀವಕ್ಕಿಂತ ದೊಡ್ಡದು ಅಂತ ಹೇಳ್ತಿಲ್ಲ.

ಊಟ ನಿದ್ದೆ ವಿಷಯನೂ ಕಲಿಸಿ. ನಿದ್ದೆ ಬಂದ್ರೆ ಗಾಡಿ ನಿಲ್ಲಿಸಿ ಮಲಗು, ಮಾಲೀಕರ ಫೋನ್ ನಾನು ನೋಡ್ಕೋತೀನಿ ಅಂತ ಹೇಳೋರು ಒಬ್ರು ಬೇಕು.

ಮೂರು ಲಾರಿ ಮಾಲೀಕ, ಕುಶಾಲನಗರ

ಅಕ್ಕ ಬರೆದದ್ದು ಓದಿ ತುಂಬಾ ಹೊತ್ತು ಯೋಚನೆ ಮಾಡಿದೆ. ಮಾಲೀಕರ ಫೋನ್ ಅಂದ್ರೆ ನಮ್ಮಂಥವರ ಫೋನೇ. ‘ಎಲ್ಲಿದ್ದೀಯ, ಇನ್ನೂ ಎಷ್ಟು ಹೊತ್ತು’ ಅಂತ ಘಾಟಿಯಲ್ಲಿರುವ ಹುಡುಗನಿಗೆ ಫೋನ್ ಮಾಡೋದು ಎಲ್ಲ ಮಾಲೀಕರೂ ನಿಲ್ಲಿಸಬೇಕು. ಗಾಡಿಗಳಲ್ಲಿ ಜಿಪಿಎಸ್ ಇದೆ, ನೋಡ್ಕೊಂಡ್ರೆ ಆಯ್ತು.

ಬೆಳೆಗಾರರು ಪಾಲು ಕೊಡ್ತಾರೆ ಅಂದ್ರೆ ಲೆಕ್ಕ ಬೇರೆ ಆಗುತ್ತೆ. ಆದರೂ ಹಿರಿಯರು ಎಲ್ಲಿಂದ ಅನ್ನೋ ಪ್ರಶ್ನೆಗೆ ಉತ್ತರ ಬರ್ಲಿಲ್ಲ.

ಸುಂಟಿಕೊಪ್ಪದ ಹಳೇ ಡ್ರೈವರ್

ಉತ್ತರ ಹೇಳುತ್ತೇನೆ. ಓಡಿಸುವುದನ್ನು ಬಿಟ್ಟು ಮನೆಯಲ್ಲಿ ಕೂತ ಹಿರಿಯರಿದ್ದಾರಲ್ಲ, ಅವರು. ಮಂಡಿ ನೋವು, ಸೊಂಟ ನೋವು, ಕಣ್ಣಿನ ಪೊರೆ ಅಂತ ಸ್ಟೇರಿಂಗ್ ಬಿಟ್ಟವರು ನಮ್ಮ ಒಂದೊಂದು ಊರಲ್ಲೂ ಇದ್ದಾರೆ. ಅವರಿಗೆ ದಿನವಿಡೀ ಕ್ಲಚ್ ಒತ್ತಲು ಆಗುವುದಿಲ್ಲ, ಪಕ್ಕದಲ್ಲಿ ಕೂತು ಹೇಳಲು ಆಗುತ್ತದೆ. ಪಿಂಚಣಿ ಇಲ್ಲದ ಕೆಲಸ ನಮ್ಮದು. ಸೀಸನ್ನಿನಲ್ಲಿ ಬಾಟಾ ಬಂದರೆ ಅವರ ಮನೆಗೂ ಆಧಾರ. ನಿಮ್ಮ ಓಡುವ ಗಾಡಿಯ ಡ್ರೈವರನ್ನು ಇಳಿಸಬೇಕಾಗಿಲ್ಲ. ರಾತ್ರಿ ಟ್ರಿಪ್ ಮಾತ್ರ ಅವರಿಗೆ ಬೇಡ, ಹಗಲು ಹೊರಡುವಂತೆ ಲೋಡ್ ಹೊಂದಿಸಿಕೊಳ್ಳಬೇಕು. ಹೊಸಬರಿಗೂ ಅದೇ ಒಳ್ಳೆಯದು.

ಮೆಕ್ಯಾನಿಕ್ ಅಣ್ಣ ಹೇಳಿದ ನ್ಯೂಟ್ರಲ್ ವಿಷಯವನ್ನು ನಾನು ಪೂರ್ತಿ ಒಪ್ಪುತ್ತೇನೆ. ಕಲಿಸಲು ಬರುವ ಹಿರಿಯರನ್ನು ಮೊದಲು ಒಂದು ದಿನ ಗ್ಯಾರೇಜಿನಲ್ಲಿ ಕೂರಿಸಿ ಹೊಸ ಗಾಡಿಗಳ ವಿಷಯ ತಿಳಿಸಬೇಕು. ಹೊಸ ಹೊಗೆ ನಿಯಮದ ಬಿಎಸ್ 6 ಗಾಡಿಯಲ್ಲಿ ಯೂರಿಯಾ ದ್ರಾವಣ, ಎಬಿಎಸ್, ಸೆನ್ಸರ್ ಅಂತ ನಾವು ಓಡಿಸದ ಎಷ್ಟೋ ಇವೆ. ಹುಡುಗರು ಅದನ್ನು ನಮಗೆ ಕಲಿಸಲಿ.

ಕ್ರಮ ಹೇಗಿರಬೇಕು ಅಂದರೆ, ಮೊದಲು ಕುಶಾಲನಗರ–ಹುಣಸೂರು ಕಡೆ, ರಸ್ತೆ ಸಲೀಸು. ಲೋಡ್ ಗಾಡಿ ನಿಲ್ಲಲು ಎಷ್ಟು ದೂರ ಬೇಕು ಅನ್ನುವುದು ಮೈಗೆ ಹತ್ತಬೇಕು. ಆಮೇಲೆ ಸುಂಟಿಕೊಪ್ಪ ದಾಟಿ ಮಡಿಕೇರಿಗೆ ಹತ್ತುವುದು. ಆಮೇಲೆ ಸಂಪಾಜೆ ಘಾಟಿ, ಖಾಲಿ ಗಾಡಿಯಲ್ಲಿ. ಲೋಡ್ ಇಳಿಸುವುದು ಇವೆಲ್ಲ ಆದ ಮೇಲೆ. ಮಾಕುಟ್ಟ ಕೊನೆಗೆ, ರಸ್ತೆ ಕಿರಿದು, ಏನಾದರೂ ಆದರೆ ಕೂಗಿದರೂ ಯಾರೂ ಇಲ್ಲ. ಯಾವ ಹಂತಕ್ಕೆ ಎಷ್ಟು ದಿನ ಅಂತ ನಾನು ಹೇಳುವುದಿಲ್ಲ. ಪಕ್ಕದಲ್ಲಿ ಕೂತವನಿಗೆ ಗೊತ್ತಾಗುತ್ತದೆ, ತನ್ನದೇ ಕಾಲು ತಾನಾಗಿ ಬ್ರೇಕ್ ಹುಡುಕುವುದು ನಿಂತಾಗ ಹುಡುಗ ತಯಾರಾದ ಅಂತ.

ಮಳೆಗಾಲವೂ ಒಂದು ಪಾಠ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಬಂದದ್ದು ಎಲ್ಲರಿಗೂ ನೆನಪಿದೆ. ರಸ್ತೆ ಬದಿಯ ಕಡಿದಾದ ಬರೆಯಿಂದ ಕೆಸರು ನೀರು ಒಸರುವುದು, ಸಣ್ಣ ಕಲ್ಲು ಉದುರುವುದು, ಮರ ರಸ್ತೆ ಕಡೆ ವಾಲಿರುವುದು ಕಂಡರೆ ಅದರ ಕೆಳಗೆ ಗಾಡಿ ನಿಲ್ಲಿಸಬೇಡ, ದಾಟಲೂ ಹೋಗಬೇಡ. ಜಿಲ್ಲಾಡಳಿತ ಮಳೆಗಾಲದಲ್ಲಿ ಭಾರಿ ವಾಹನ, ನಾಟಾ, ಮರಳು ಸಾಗಾಟ ತಡೆದಾಗ ಕಳ್ಳದಾರಿ ಹುಡುಕುವುದನ್ನು ಯಾವ ಹಿರಿಯನೂ ಕಲಿಸಬಾರದು.

ಗೋಣಿಕೊಪ್ಪದ ತಮ್ಮನಿಗೆ: ನಿನಗೆ ಆದದ್ದು ಕಲಿಕೆ ಅಲ್ಲ, ದುಡಿಸಿಕೊಂಡದ್ದು. ಕಲಿಯುವವನಿಗೂ ಸಂಬಳ ಇರಬೇಕು. ಇದರಲ್ಲಿ ರಾಜಿ ಇಲ್ಲ.

ಗೋಣಿಕೊಪ್ಪ ಹುಡ್ಗ

ಅಣ್ಣ, ಒಂದು ಸಂಶಯ. ಕಿರಿದಾದ ತಿರುವಲ್ಲಿ ಎದುರಿಗೆ ಲೋಡ್ ಗಾಡಿ ಹತ್ತಿ ಬರ್ತಿದ್ರೆ ಯಾರು ನಿಲ್ಲಿಸ್ಬೇಕು? ಎಲ್ಲರೂ ಲೈಟ್ ಹೊಡೆದು ನಾನು ಮೊದಲು ಅಂತಾರೆ.

ಏರ್ ಬ್ರೇಕ್ ಮೆಕ್ಯಾನಿಕ್

ಇಳಿಯುವವನು ನಿಲ್ಲಿಸಬೇಕು. ರಸ್ತೆ ನಿಯಮದಲ್ಲೇ ಇದೆ, ಗುಡ್ಡದ ರಸ್ತೆಯಲ್ಲಿ ಇಬ್ಬರಿಗೆ ಜಾಗ ಸಾಲದಿದ್ದರೆ ಹತ್ತುವ ಗಾಡಿಗೆ ದಾರಿ ಬಿಡಬೇಕು. ಕಾರಣವೂ ಇದೆ. ಹತ್ತುವ ಲೋಡ್ ಗಾಡಿ ನಿಂತರೆ ಮತ್ತೆ ಎಬ್ಬಿಸುವಾಗ ಹಿಂದಕ್ಕೆ ಜಾರುತ್ತದೆ, ಕ್ಲಚ್ ಪ್ಲೇಟ್ ಸುಡುತ್ತದೆ. ನೀನು ಸರಿಯಾದ ಗೇರಲ್ಲಿ ಇಳಿಯುತ್ತಿದ್ದರೆ ನಿಲ್ಲಿಸುವುದು ಕಷ್ಟವಲ್ಲ.

ಟ್ಯಾಂಕರ್ ಡ್ರೈವರ್

ಜೊತೆಗೆ ಇದೂ ನೆನಪಿರಲಿ. ಮಂಜು ಕವಿದಾಗ ಹಜಾರ್ಡ್ ಲೈಟ್ ಹಾಕಿಕೊಂಡು ಓಡಿಸಬೇಡ. ನೀನು ನಿಂತಿದ್ದೀಯೋ ಹೋಗ್ತಿದ್ದೀಯೋ ಹಿಂದಿನವನಿಗೆ ತಿಳಿಯುವುದಿಲ್ಲ, ಇಂಡಿಕೇಟರ್ ಹಾಕಿದರೂ ಕಾಣುವುದಿಲ್ಲ. ಲೋ ಬೀಮ್, ಫಾಗ್ ಲ್ಯಾಂಪ್, ನಿಧಾನ.

ಮೂರು ಲಾರಿ ಮಾಲೀಕ, ಕುಶಾಲನಗರ

ಮನೆಯಲ್ಲಿ ಕೂತ ಹಿರಿಯರ ವಿಷಯ ನನಗೆ ಹೊಳೆದಿರಲಿಲ್ಲ. ನಮ್ಮ ಕೂಡಿಗೆಯಲ್ಲೇ ಅಂಥವರು ಇಬ್ಬರಿದ್ದಾರೆ, ಇಬ್ಬರೂ ನಮ್ಮ ತಂದೆಯವರ ಕಾಲದ ಡ್ರೈವರ್‌ಗಳು. ಇವತ್ತು ಸಂಜೆ ಒಬ್ಬರ ಮನೆಗೆ ಹೋಗಿ ಮಾತಾಡಿ ಬಂದೆ. ‘ನನ್ನನ್ನ ಯಾರು ಕರೀತಾರೆ ಅಂದ್ಕೊಂಡಿದ್ದೆ’ ಅಂದರು. ಬಾಟಾ ಮಾತಾಡೋಕೆ ಮೊದಲೇ ಗಾಡಿ ಯಾವುದು, ಬ್ರೇಕ್ ಲೈನರ್ ಯಾವಾಗ ಹಾಕಿಸಿದ್ದು ಅಂತ ಕೇಳಿದರು.

ನನ್ನ ಹೊಸ ಹುಡುಗನ ಜೊತೆ ಸೋಮವಾರದಿಂದ ಹುಣಸೂರು ಟ್ರಿಪ್‌ಗೆ ಕಳಿಸ್ತೀನಿ. ಡ್ರೈವರ್‌ಗೆ ಕೊಡೋ ಬಾಟಾವೇ ಅವರಿಗೂ. ಸಿದ್ದಾಪುರದ ಸಾರ್ ಹೇಳಿದ ಹಾಗೆ ಬೆಳೆಗಾರರು ಪಾಲು ಸೇರಿಸಿದ್ರೆ ಎರಡನೇ ಗಾಡಿಗೂ ಮಾಡ್ತೀನಿ. ಒಂದು ವಿಷಯ ನೀವೇ ಹೇಳಿ, ಇನ್ಶೂರೆನ್ಸ್‌ನಲ್ಲಿ ಪಕ್ಕದಲ್ಲಿ ಕೂರುವವರಿಗೆ ಏನು ಮಾಡಬೇಕು?

ಸುಂಟಿಕೊಪ್ಪದ ಹಳೇ ಡ್ರೈವರ್

ಬಹಳ ಸಂತೋಷ. ಅವರನ್ನು ಸುಮ್ಮನೆ ಜೊತೆಗಾರ ಅಂತ ಕೂರಿಸಬೇಡಿ. ಕೆಲಸಗಾರ ಅಂತ ಹಾಜರಿ ಪುಸ್ತಕದಲ್ಲಿ ಹೆಸರು ಬರೆಯಿರಿ, ಬಾಟಾ ಕೊಟ್ಟದ್ದಕ್ಕೆ ಸಹಿ ತೆಗೆದುಕೊಳ್ಳಿ. ಪಾಲಿಸಿಯಲ್ಲಿ ಡ್ರೈವರ್, ಕ್ಲೀನರ್ ಅಂತ ಎಷ್ಟು ಜನ ನೌಕರರಿಗೆ ಪ್ರೀಮಿಯಂ ಕಟ್ಟಿದ್ದೀರಿ ನೋಡಿ, ಅವರೂ ಅದರೊಳಗೆ ಬರುವಂತೆ ಏಜೆಂಟರ ಹತ್ತಿರ ಸೇರಿಸಿಸಿ, ಬರಹದಲ್ಲಿ ಪಡೆಯಿರಿ. ಸೋಮವಾರ ಹೊರಡುವ ಮೊದಲೇ ಇದು ಆಗಬೇಕು.

ಕೂಡಿಗೆಯ ಆ ಇನ್ನೊಬ್ಬರನ್ನು ಗೋಣಿಕೊಪ್ಪದ ತಮ್ಮನ ಜೊತೆ ಹಾಕಲು ಆಗುತ್ತದಾ ಅಂತ ವಿಚಾರಿಸಿ. ಅವನು ಈಗಿರುವ ಕಡೆ ಮಾಲೀಕರು ಒಪ್ಪದಿದ್ದರೆ ನನಗೆ ಮೆಸೇಜ್ ಮಾಡಲಿ, ನಾನೇ ಬಂದು ಮಾತಾಡುತ್ತೇನೆ.